ಹೆರಿಗೆ ಆಸ್ಪತ್ರೆಯ ನಲವತ್ತೊಂದನೇ ಪುಟ

ನಲವತ್ತೊಂದನೇ ಪುಟ ಇರಲಿಲ್ಲ!

ಮೇಷ್ಟ್ರು ಬೆರಳಿಗೆ ಎಂಜಲು ಹಚ್ಚಿಕೊಂಡು ಮತ್ತೆ ತಿರುವಿದರು. ನಲವತ್ತು ಇತ್ತು. ನಲವತ್ತಮೂರು ಇತ್ತು. ನಡುವಿನ ಹಾಳೆಯನ್ನು ಯಾರೋ ಬ್ಲೇಡಿನಿಂದ ಕೊಯ್ದಿದ್ದರು. ಹೊಲಿಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಅಂಚು ಮಾತ್ರ ಉಳಿದಿತ್ತು. ಬೆಳಿಗ್ಗೆ ಎಂಟು ಗಂಟೆ. ಸಂಜೆ ನಾಲ್ಕಕ್ಕೆ ಇದೇ ಹಾಳೆಯನ್ನು ಹಿಡಿದುಕೊಂಡು ಅವರು ಮೇಯರ್ ಎದುರು ನಿಲ್ಲಬೇಕಿತ್ತು.

"ಲೇ ಇವಳೇ! ನನ್ನ ಬೀರು ಯಾರು ಮುಟ್ಟಿದ್ದು?"

"ಮುಟ್ಟೋಕೆ ಅದರಲ್ಲಿ ಚಿನ್ನ ಇಟ್ಟಿದ್ದೀರಾ?" ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಇರೋದು ಹಳೇ ಕಾಗದ. ಗೆದ್ದಲನ್ನ ಕೇಳಿ!"

ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತರು. ಕಾಲ ಬಳಿ ಅವಸರದಲ್ಲಿ ಕತ್ತರಿಯಿಂದ ಕತ್ತರಿಸಿದ್ದ ಲಾಡಿ, ಪುಸ್ತಕ ಸುತ್ತಿದ್ದ ಬಟ್ಟೆ ಬಿದ್ದಿದ್ದವು.

ಅದು ಬೀದಿಯ ಮೂಲೆಯಲ್ಲಿರುವ ಪಾಲಿಕೆ ಹೆರಿಗೆ ಆಸ್ಪತ್ರೆಯ ಅಭಿಪ್ರಾಯ ಪುಸ್ತಕ. ವಾರ್ಡಿನ ಮುಕ್ಕಾಲು ಪಾಲು ಜನ ಮೊದಲು ಅತ್ತದ್ದು ಆ ಹಳದಿ ಕಟ್ಟಡದಲ್ಲಿ. ಮೇಷ್ಟ್ರು ಅಲ್ಲೇ ಹುಟ್ಟಿದವರು, ಅವರ ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ. ಅಪ್ಪಂದಿರು ಕೂತು ಕೂತು ನುಣುಪಾದ ಆ ಉದ್ದದ ಬೆಂಚು, ಫಿನಾಯಿಲ್ ವಾಸನೆ, ತಾರಸಿಯ ಮೇಲೆ ಸಾಲಾಗಿ ಒಣಗುವ ಪುಟಾಣಿ ಬಟ್ಟೆಗಳು... ಎಲ್ಲವೂ ಈಗಲೂ ಅವರ ಕಣ್ಣ ಮುಂದಿತ್ತು. ದೊಡ್ಡ ಮಗಳು ಹುಟ್ಟಿದ ದಿನ ಮುಖ್ಯ ನರ್ಸ್ ಬಾಗಿಲು ತೆರೆದು "ಡ್ರಾಯಿಂಗ್ ಮೇಷ್ಟ್ರು ಯಾರ್ರೀ? ಬನ್ನಿ, ನಿಮ್ಮ ಚಿತ್ರ ಮುಗೀತು!" ಎಂದು ಕೂಗಿದ ದನಿ ಎದುರಿನ ಸೈಕಲ್ ಅಂಗಡಿಯವರೆಗೆ ಕೇಳಿಸಿತ್ತು.

ಈಗ ಮೇಯರ್ ಸಾಹೇಬರು ಆ ಆಸ್ಪತ್ರೆ ಮುಚ್ಚಿ ನಾಲ್ಕಂತಸ್ತಿನ ವಾಹನ ನಿಲ್ದಾಣ ಕಟ್ಟಲು ಹೊರಟಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಇದೇ ವಾರ್ಡಿನ ಸದಸ್ಯರು. ಮಗಳು ಹುಟ್ಟಿದ ಸಂತೋಷದಲ್ಲಿ ಈ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಆಸ್ಪತ್ರೆ ಉಳಿಸುವುದಾಗಿ ಮಾತು ಕೊಟ್ಟು ಸಹಿ ಹಾಕಿದ್ದರು. ಆಸ್ಪತ್ರೆಯ ಕಚೇರಿಗೆ ಸುಣ್ಣ ಬಳಿದಾಗ ರದ್ದಿಗೆ ಹಾಕಿದ್ದ ಪುಸ್ತಕವನ್ನು ಎತ್ತಿಟ್ಟುಕೊಂಡವರು ಮೇಷ್ಟ್ರು.

ಹೋದ ತಿಂಗಳ ನಾಗರಿಕರ ಸಭೆಯಲ್ಲಿ ಅವರು ಆ ಪುಟದ ಜೆರಾಕ್ಸ್ ತೋರಿಸಿದಾಗ ಮೇಯರ್ ನಕ್ಕಿದ್ದರು. "ಮೇಷ್ಟ್ರೇ, ಜೆರಾಕ್ಸಿನಲ್ಲಿ ನನ್ನನ್ನ ಚಕ್ರವರ್ತಿ ಬೇಕಾದ್ರೂ ಮಾಡಬಹುದು. ಮೂಲ ತನ್ನಿ. ನನ್ನ ಕೈಬರಹ ಅಂತ ಕಂಡರೆ ಆಸ್ಪತ್ರೆ ಮುಚ್ಚೋ ಕಡತ ನಾನೇ ವಾಪಸ್ ತಗೋತೀನಿ." ಇನ್ನೂರು ಜನ ಕೇಳಿಸಿಕೊಂಡ ಮಾತು ಅದು!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಸ್ಪತ್ರೆ ಹೋಗುವುದು ಒಂದು ಕಡೆ. "ಮೇಷ್ಟ್ರು ಹಾಳೆ ಮಾರಿಕೊಂಡರು" ಎಂದು ಜನ ಆಡಿಕೊಳ್ಳುವುದು ಇನ್ನೊಂದು ಕಡೆ. ಅವರು ದೊಡ್ಡಕ್ಕನಿಗೆ ಫೋನ್ ಮಾಡಿದರು.

ದೊಡ್ಡಕ್ಕ ಎಂದರೆ ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿದ್ದವರು. ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಮೇಲೆ ವಾರ್ಡಿನ ಪತ್ತೇದಾರಿಕೆ ತಾನಾಗಿಯೇ ಅವರ ತಲೆಗೆ ಬಂದಿತ್ತು. ಕಳೆದುಹೋದ ಬೀಗದ ಕೈ, ಮುನಿಸಿಕೊಂಡು ಹೋದ ಗಂಡ — ಎರಡನ್ನೂ ಒಂದೇ ಗತ್ತಿನಲ್ಲಿ ಹುಡುಕಿಕೊಡುತ್ತಿದ್ದರು. ಅರ್ಧ ಗಂಟೆಯಲ್ಲಿ ಬಂದರು. ಹಾಳೆಯ ಅಂಚನ್ನು ಬೆರಳಿಂದ ಸವರಿದರು. ನೆಲದ ಮೇಲಿನ ಲಾಡಿಯನ್ನು ಎತ್ತಿಕೊಂಡು ತುಸು ಹೊತ್ತು ನೋಡಿದರು.

"ಕೊನೇ ಸಲ ಹಾಳೆ ನೋಡಿದ್ದು ಯಾವಾಗ?"

"ಭಾನುವಾರ."

"ಇವತ್ತು ಬುಧವಾರ. ನಡುವೆ ಯಾರ್ಯಾರು ಬಂದಿದ್ರು?"

"ಸೋಮವಾರ ಮೇಯರ್ ಕಡೆಯ ಆ ಮೈಕು. ಮಂಗಳವಾರ ನನ್ನ ಭಾವಮೈದುನ. ಇಬ್ಬರನ್ನೂ ಈ ಕೋಣೆಯಲ್ಲೇ ಕೂರಿಸಿದ್ದೆ."

"ಅಷ್ಟೇನಾ?"

"ಪುಟ್ಟಕ್ಕ ದಿನಾ ಬರ್ತಾಳೆ, ಇವಳ ಮಂಡಿಗೆ ಎಣ್ಣೆ ತಿಕ್ಕೋಕೆ. ಅವಳು ನಮ್ಮವಳೇ ಬಿಡಿ. ಭಾನುವಾರ ಪುಸ್ತಕ ತೋರಿಸಿದ್ರೆ ಆ ಹಾಳೆ ತಿರುವಿ ತಿರುವಿ ನೋಡಿ ಕಣ್ಣೀರು ಹಾಕ್ಕೊಂಡ್ಳು ಪಾಪ, ಹಳೇದೆಲ್ಲ ನೆನಪಾಗಿ."

ಪುಟ್ಟಕ್ಕ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ದೊಡ್ಡಕ್ಕನ ಬಲಗೈ ಎಂದೇ ಎಲ್ಲರೂ ಕರೆಯುತ್ತಿದ್ದರು.

"ಬೀರುವಿನ ಬೀಗದ ಕೈ?"

"ಬೀರುವಿನ ಮೇಲೇ ಇರುತ್ತೆ."

"ಭೇಷ್! ಕಳ್ಳನಿಗೆ ಕಷ್ಟ ಆಗಬಾರದು ನೋಡಿ," ಎಂದು ದೊಡ್ಡಕ್ಕ ಲಾಡಿಯನ್ನು ಚೀಲಕ್ಕೆ ಹಾಕಿಕೊಂಡರು. "ಪುಸ್ತಕನ ದಿನಾ ಹೇಗೆ ಕಟ್ಟಿಡ್ತೀರಿ?"

"ಶೂ ಲೇಸ್ ಕಟ್ಟಿದ ಹಾಗೆ ಎರಡು ಕುಣಿಕೆ. ಎಳೆದ್ರೆ ಬಿಚ್ಚಿಕೊಳ್ಳುತ್ತೆ. ಇವತ್ತು ಯಾಕೋ ಬಿಗಿದುಕೊಂಡಿತ್ತು. ಅವಸರ, ಕತ್ತರಿ ಹಾಕಿದೆ. ಅಕ್ಕಾ, ಇದು ಮೈಕುವಿನ ಕೆಲಸಾನೇ. ಬೇರೆ ಯಾರಿಗೆ ಬೇಕು?"

"ನಡೀರಿ, ಅವನನ್ನೇ ಕೇಳೋಣ," ಎಂದರು ದೊಡ್ಡಕ್ಕ. ಅವರ ಮುಖ ಯಾಕೋ ಸಪ್ಪಗಿತ್ತು.

ಮೇಯರ್ ಪರವಾಗಿ ಬೀದಿ ಬೀದಿಯಲ್ಲಿ ಕೂಗುವುದೇ ಉದ್ಯೋಗವಾದ್ದರಿಂದ ಅವನಿಗೆ ಮೈಕು ಎಂದು ಹೆಸರು ಬಿದ್ದಿತ್ತು. ವಾರ್ಡ್ ಕಚೇರಿಯಲ್ಲಿ ಕರಪತ್ರಗಳ ರಾಶಿಯ ನಡುವೆ ಕೂತಿದ್ದವನು ದೊಡ್ಡಕ್ಕನನ್ನು ಕಂಡು ದಡಬಡ ಎದ್ದ.

"ಸೋಮವಾರ ಮೇಷ್ಟ್ರ ಮನೇಲಿ ಏನೋ ಕೆಲಸ?"

"ರಾಜಿ ಮಾಡ್ಸೋಕೆ ಹೋಗಿದ್ದೆ ಅಕ್ಕಾ. ವಾಹನ ನಿಲ್ದಾಣದ ಕಲ್ಲಿನ ಮೇಲೆ ಮೇಷ್ಟ್ರ ಹೆಸರೂ ಕೆತ್ತಿಸ್ತೀವಿ ಅಂದೆ. ಬಾಗಿಲು ತೋರಿಸಿದ್ರು."

"ಹಾಳೆ ಎಲ್ಲಿ?" ಮೇಷ್ಟ್ರು ಗುಡುಗಿದರು.

"ಯಾವ ಹಾಳೆ? ಮೂಲಾನೇ ಕಳ್ಕೊಂಡ್ರಾ?" ಮೈಕುವಿನ ಬಾಯಿ ತೆರೆದೇ ಉಳಿಯಿತು. "ಅಯ್ಯೋ ಮೇಷ್ಟ್ರೇ, ನಾನು ಕದ್ದಿದ್ರೆ ಇಷ್ಟು ಹೊತ್ತಿಗೆ ಮೂರು ಬೀದಿಗೆ ಗೊತ್ತಾಗ್ತಿತ್ತು. ನನ್ನ ಬಾಯಿ ನನಗೇ ನಂಬಿಕೆ ಇಲ್ಲ!"

"ಅದೂ ನಿಜಾನೇ," ಎಂದರು ದೊಡ್ಡಕ್ಕ. "ಬಂದದ್ದಕ್ಕೆ ನಿನ್ನ ಕರಪತ್ರಾನೂ ಒಂದಿಷ್ಟು ಕಟ್ಟಿಕೊಡು. ಏನು ಬರೆದಿದ್ದೀರೋ ಓದೋಣ."

ಮೈಕು ಹುರಿ ತೆಗೆದು ಹಿಂದೆ ಮುಂದೆ ಸುತ್ತಿ ಹತ್ತು ಗಂಟು ಹಾಕಿದ. ದೊಡ್ಡಕ್ಕ ಎತ್ತಿಕೊಂಡ ಕೂಡಲೇ ಕಟ್ಟು ಬಿಚ್ಚಿ ಕರಪತ್ರಗಳು ನೆಲಕ್ಕೆ ಚೆಲ್ಲಿದವು. "ಹುಟ್ಟುವಾಗಲೂ ಹೀಗೇ ಗಡಿಬಿಡಿ ನಿಂದು," ಎಂದು ಬೈದು ಹೊರಬಂದರು.

ಭಾವಮೈದುನನದು ಕಾಗದ-ಪೆನ್ನಿನ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಬ್ಲೇಡಿನ ಪೊಟ್ಟಣಗಳು ಸಾಲಾಗಿದ್ದವು. ಅಂಗಡಿಯ ಪರವಾನಗಿ ಪಾಲಿಕೆಯಲ್ಲಿ ನವೀಕರಣಕ್ಕೆ ಕೂತು ಎಂಟು ತಿಂಗಳಾಗಿತ್ತು. ಮೇಷ್ಟ್ರ ಮನಸ್ಸಿನಲ್ಲಿ ಲೆಕ್ಕ ಕೂಡುತ್ತಾ ಹೋಯಿತು.

"ನಿನ್ನೆ ಭಾವನ ಕೋಣೇಲಿ ಒಬ್ಬನೇ ಎಷ್ಟು ಹೊತ್ತು ಇದ್ದೆ?" ದೊಡ್ಡಕ್ಕ ಕೇಳಿದರು.

"ನಾನು ಬೀರು ಮುಟ್ಟಿಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಬೀರುವಿನ ಮಾತನ್ನು ಯಾರು ಎತ್ತಿದ್ದರು?

"ಬೀರು ಅಂತ ನಿನಗೆ ಹೇಗೋ ಗೊತ್ತು?" ಮೇಷ್ಟ್ರು ಹಲ್ಲು ಕಡಿದರು.

"ನಮ್ಮಕ್ಕ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ಲು! 'ನಿಮ್ಮ ಭಾವ ಬೀರು ಮುಂದೆ ಕೂತು ಅಳ್ತಿದ್ದಾರೆ' ಅಂತ. ಭಾವಾ, ನನ್ನ ಲೈಸೆನ್ಸಿಗೋಸ್ಕರ ನಾನು ಹುಟ್ಟಿದ ಆಸ್ಪತ್ರೆ ಮಾರ್ತೀನಾ?" ಅವನ ಕಣ್ಣು ಒದ್ದೆಯಾಯಿತು.

"ಸಾಕು, ಎರಡು ನೋಟ್‌ಬುಕ್ ಕೊಡು," ಎಂದರು ದೊಡ್ಡಕ್ಕ.

ಅವನು ಕಾಗದದಲ್ಲಿ ಸುತ್ತಿ, ನೂಲನ್ನು ನಾಲ್ಕು ಸುತ್ತು ತಿರುವಿ, ತುದಿಯನ್ನು ಅಡಿಗೆ ಸಿಕ್ಕಿಸಿ ಪಟ್ಟೆಂದು ಹರಿದ. ಗಂಟೇ ಇಲ್ಲ. ಅಂಗಡಿಯವರ ಕಟ್ಟು ಹಾಗೆಯೇ. ದೊಡ್ಡಕ್ಕ ಅದನ್ನು ನೋಡಿ ಒಂದು ಉಸಿರು ಬಿಟ್ಟರು.

ರಸ್ತೆಗೆ ಬಂದ ಮೇಲೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಎಲ್ಲರ ಹತ್ತಿರ ಪೊಟ್ಟಣ ಕಟ್ಟಿಸ್ತಿದ್ದೀರಲ್ಲ, ಮದುವೆ ಮನೆಗೆ ಹೊರಟಿದ್ದೀವಾ? ಗಂಟೆ ಹನ್ನೆರಡಾಯ್ತು!"

"ಇನ್ನೊಂದೇ ಮನೆ," ಎಂದರು ದೊಡ್ಡಕ್ಕ.

ಆ ಮನೆ ಪುಟ್ಟಕ್ಕನದು. ಒಂದೇ ಕೋಣೆ, ಕಿಟಕಿಯ ಕೆಳಗೆ ತಗಡಿನ ಪೆಟ್ಟಿಗೆ. ಪುಟ್ಟಕ್ಕ ಸೊಪ್ಪು ಬಿಡಿಸುತ್ತಿದ್ದಳು. ಇಬ್ಬರನ್ನೂ ನೋಡಿ ಅವಳ ಕೈ ನಿಂತಿತು.

ದೊಡ್ಡಕ್ಕ ಚೀಲದಿಂದ ಲಾಡಿ ತೆಗೆದು ಅವಳ ಮುಂದಿಟ್ಟರು. ಮೇಷ್ಟ್ರು ಕತ್ತರಿಸಿದ್ದು ಒಂದು ಪಕ್ಕದಲ್ಲಿ. ಗಂಟು ಹಾಗೇ ಇತ್ತು.

"ಮೇಷ್ಟ್ರೇ, ಇದು ನಿಮ್ಮ ಕಣ್ಣ ಮುಂದೇನೇ ಬಿದ್ದಿತ್ತು. ನಿಮ್ಮ ಕಟ್ಟು ಎಳೆದ್ರೆ ಬಿಚ್ಚಿಕೊಳ್ಳುತ್ತೆ. ಇದು ಯಾಕೆ ಬಿಚ್ಚಲಿಲ್ಲ? ನೋಡಿ, ಮೊದಲ ಗಂಟಿಗೆ ಎರಡು ಸುತ್ತು, ಅದರ ಮೇಲೆ ಒಂದು. ಹೊಕ್ಕುಳಬಳ್ಳಿ ಕಟ್ಟೋ ಗಂಟು ಇದು. ರಕ್ತದಲ್ಲಿ ನೆನೆದ್ರೂ ಜಾರಬಾರದು. ಜಾರಿದ್ರೆ ಮಗು ಉಳಿಯಲ್ಲ. ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲು ಇದನ್ನೇ ಕಲಿಸ್ತಿದ್ದೆ. ಆಮೇಲೆ ಅವರು ಬಟ್ಟೆ ಗಂಟು ಕಟ್ಟಿದ್ರೂ, ಊಟದ ಡಬ್ಬಿ ಕಟ್ಟಿದ್ರೂ ಹೀಗೇ ಕಟ್ಟೋರು. ಕೈಗೆ ಹತ್ತಿದ ಅಭ್ಯಾಸ, ಕದಿಯೋವಾಗಲೂ ಬಿಡಲ್ಲ." ಅವರು ಪುಟ್ಟಕ್ಕನ ಕಡೆ ತಿರುಗಿದರು. "ಈ ವಾರ್ಡಿನಲ್ಲಿ ಈ ಗಂಟು ಹಾಕೋರು ಇಬ್ಬರೇ ಉಳಿದಿರೋದು. ನಾನು ಕದ್ದಿಲ್ಲ. ಪುಟ್ಟಿ, ಹಾಳೆ ಕೊಡು."

ಮೇಷ್ಟ್ರು ತಬ್ಬಿಬ್ಬಾದರು. "ಲಾಡಿ ನೋಡಿದಾಗಲೇ ನಿಮಗೆ ಗೊತ್ತಿತ್ತಾ? ಮತ್ತೆ ಬೆಳಿಗ್ಗೆಯಿಂದ ಯಾಕೆ ಸುತ್ತಿಸಿದ್ರಿ?"

"ಇನ್ಯಾರಿಗಾದ್ರೂ ಈ ಗಂಟು ಬರಲಿ ಅಂತ ಆಸೆ ಪಟ್ಟೆ, ಅಷ್ಟೇ."

ಪುಟ್ಟಕ್ಕ ಎದ್ದು ಪೆಟ್ಟಿಗೆ ತೆರೆದಳು. ಮಡಿಸಿಟ್ಟ ಹಳೇ ನೀಲಿ ಸಮವಸ್ತ್ರದ ಒಳಗಿಂದ ಹಾಳೆ ಹೊರಬಂತು.

"ಮೇಯರ್ ಕಡೆಯವರು ಏನು ಕೊಟ್ರು ನಿನಗೆ?" ಮೇಷ್ಟ್ರು ಕೇಳಿಯೇಬಿಟ್ಟರು.

"ಥೂ! ಅವರ ಋಣ ನನಗ್ಯಾಕೆ ಮೇಷ್ಟ್ರೇ? ನೀವು ಈಚೆ ಕಡೆ ಮಾತ್ರ ಓದಿದ್ರಿ. ಆಚೆ ಕಡೆ ತಿರುಗಿಸಿ ನೋಡಿ."

ಮೇಷ್ಟ್ರು ತಿರುಗಿಸಿದರು. ನಲವತ್ತೆರಡನೇ ಪುಟ. ಪೆನ್ಸಿಲಿನ ಮಾಸಿದ ಅಕ್ಷರಗಳು: "ಹಾಸಿಗೆ ಏಳು. ನೋವು ತಾಳಲಾರದೆ ಕೂಗಿದೆ. ಮುಖ್ಯ ನರ್ಸು ನನ್ನ ಕೆನ್ನೆಗೆ ಎರಡು ಏಟು ಹೊಡೆದರು. ಮಗು ಚೆನ್ನಾಗಿದೆ. ಆದರೆ ಮಗುವಿನ ಮುಖ ನೋಡಿದಾಗೆಲ್ಲ ನನಗೆ ಆ ಏಟು ನೆನಪಾಗುತ್ತದೆ."

"ಆ ಹೊತ್ತು ನಾನು ಪಕ್ಕದಲ್ಲೇ ನಿಂತಿದ್ದೆ," ಎಂದಳು ಪುಟ್ಟಕ್ಕ. "ಸಭೇಲಿ ಮೇಯರ್ ಹಾಳೆ ತಿರುಗಿಸದೆ ಬಿಡ್ತಾನಾ? ಅಕ್ಕನ ಹೆಸರು ಬೀದಿಪಾಲು ಮಾಡ್ತಿದ್ದ. ಆಸ್ಪತ್ರೆ ಹೋದ್ರೆ ಒಂದು ಕಟ್ಟಡ ಹೋಗುತ್ತೆ. ಅಕ್ಕನ ಹೆಸರು ಹೋದ್ರೆ ನಾವು ದುಡಿದ ಅಷ್ಟೂ ವರ್ಷ ಹೋಗುತ್ತೆ. ಸುಟ್ಟುಬಿಡೋಣ ಅಂದ್ಕೊಂಡೆ. ಒಂದು ಕೂಸಿನ ಹುಟ್ಟು ಬರೆದ ಹಾಳೆ, ಕೈ ಬರಲಿಲ್ಲ."

ದೊಡ್ಡಕ್ಕ ಹಾಳೆಯನ್ನು ಎರಡು ಸಲ ಓದಿದರು.

"ಹೊಡೆದಿದ್ದೆ," ಎಂದರು. "ಆಗ ಎಲ್ಲರೂ ಹೊಡೀತಿದ್ದೆವು. ಕೆಲಸ ಅಂದ್ರೆ ಹಾಗೇ ಅಂದ್ಕೊಂಡಿದ್ದೆ. ಜನ ರಸ್ತೇಲಿ ಸಿಕ್ಕಿ ಕೈ ಮುಗಿದಾಗೆಲ್ಲ ನನಗೆ ಅದು ಮರೆತೇ ಹೋಗಿತ್ತು. ಏಳನೇ ಹಾಸಿಗೆಯವಳಿಗೆ ಮರೆತಿರಲ್ಲ, ಅಲ್ವಾ ಪುಟ್ಟಿ?"

ಪುಟ್ಟಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಗಿಲು ತೆರೆದು ತಮ್ಮನ್ನು ನಗುನಗುತ್ತಾ ಕರೆದ ದನಿ ಮತ್ತು ಈ ಪೆನ್ಸಿಲ್ ಅಕ್ಷರ, ಎರಡೂ ಒಂದೇ ಬಾಗಿಲಿನ ಒಳಗಿನವು ಎಂದು ಮೇಷ್ಟ್ರಿಗೆ ಹೊಳೆದದ್ದು ಆಗಲೇ.

"ಅಕ್ಕಾ, ಹಾಳೆ ತೋರಿಸೋದು ಬೇಡ," ಎಂದರು. "ಕಳೆದುಹೋಯ್ತು ಅಂತ ನಾನೇ ಹೇಳ್ತೀನಿ. ನನ್ನ ಹೆಸರು ಹೋದ್ರೆ ಹೋಗಲಿ."

"ಬಾಯಿ ಮುಚ್ಕೊಂಡು ನಡೀರಿ. ನಾಲ್ಕು ಗಂಟೆಗೆ ಸಭೆ."

ಸಭಾಂಗಣ ತುಂಬಿತ್ತು. ಗುಮಾಸ್ತ ನಡಾವಳಿ ಪುಸ್ತಕ ತೆರೆದು ಕೂತಿದ್ದ. ಮೈಕು ಆಗಲೇ ಸುದ್ದಿ ಮುಟ್ಟಿಸಿದ್ದನೇನೋ, ಮೇಯರ್ ನಿರಾಳವಾಗಿದ್ದರು. "ಎಲ್ಲಿ ಮೇಷ್ಟ್ರೇ, ನನ್ನ ಕೈಬರಹ?"

ಎದ್ದು ನಿಂತವರು ದೊಡ್ಡಕ್ಕ. ಹಾಳೆಯನ್ನು ತಿರುಗಿಸಿ, ಮೊದಲು ಹಿಂದಿನ ಪುಟವನ್ನೇ ಓದಿದರು. ಒಂದಕ್ಷರವನ್ನೂ ನುಂಗಲಿಲ್ಲ. ಸಭೆಯಲ್ಲಿ ಪಿಸುಮಾತು ಎದ್ದಿತು, ಆಮೇಲೆ ಅದೂ ನಿಂತಿತು.

"ಆ ಮುಖ್ಯ ನರ್ಸು ನಾನು," ಎಂದರು. "ಹೊಡೆದದ್ದು ನಿಜ. ತಪ್ಪು ನಂದು. ಆ ತಾಯಿ ಎಲ್ಲಿದ್ದರೂ ನಾನು ಅವರ ಕ್ಷಮೆ ಕೇಳ್ತೀನಿ. ಈ ಪುಟದಲ್ಲಿ ಇರೋದು ನಾನು ಮಾಡಿದ್ದು, ಓದಿದ್ದೀನಿ. ಆಚೆ ಪುಟದಲ್ಲಿ ಇರೋದು ನೀವು ಹೇಳಿದ್ದು. ತಗೊಳ್ಳಿ, ನೀವು ಓದಿ."

ಮೇಯರ್ ಹಾಳೆ ತೆಗೆದುಕೊಂಡರು. ಅದನ್ನು ನೋಡಿದರು, ಸಭೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಓದತೊಡಗಿದರು.

"ಇಂದು ಬೆಳಿಗ್ಗೆ ಆರೂಕಾಲಿಗೆ ನನ್ನ ಮಗಳು ಹುಟ್ಟಿದಳು. ಎರಡೂಮುಕ್ಕಾಲು ಕೆ.ಜಿ. ಇಲ್ಲಿನ ದಾದಿಯರು ಅವಳನ್ನು ತಮ್ಮ ಮಗುವಿನಂತೆ ನೋಡಿಕೊಂಡರು. ನಾನು ಈ ಪಾಲಿಕೆಯಲ್ಲಿ ಇರುವವರೆಗೆ ಈ ಆಸ್ಪತ್ರೆಯ ಬಾಗಿಲು ಮುಚ್ಚಲು ಬಿಡುವುದಿಲ್ಲ."

ಓದಿ ಮುಗಿಸಿ ಅವರು ಹಾಳೆಯನ್ನು ಕೆಳಗಿಡಲಿಲ್ಲ. ಸಹಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಹಾಗೇ ನಿಂತಿದ್ದರು.

"ನಿಮ್ಮ ಅಕ್ಷರಾನೇನಾ ಸ್ವಾಮಿ?" ಮೇಷ್ಟ್ರು ಕೇಳಿದರು.

"ನಂದೇ," ಎಂದರು ಮೇಯರ್. "ಕಡತ ವಾಪಸ್ ತಗೋತೀನಿ."

ಗುಮಾಸ್ತ ಪೆನ್ನು ಎತ್ತಿ ಅಳುಕುತ್ತಾ ಕೇಳಿದ: "ಸಾರ್, ನಡಾವಳಿಯಲ್ಲಿ ಬರ್ಕೊಳ್ಳಲಾ?"

"ಬರ್ಕೊಳ್ಳಿ."

"ಎರಡೂ ಪುಟ ಬರ್ಕೊಳ್ಳಪ್ಪ," ಎಂದರು ದೊಡ್ಡಕ್ಕ. "ನಂದನ್ನ ಮೊದಲು ಬರಿ."