ಹೆಸರಿಲ್ಲದ ಎರಡು ಬಟನ್

ನನಗೆ ಅರಳುಮರಳು ಅಂದವರು ಯಾರ್ರೀ? ಬೆಳಿಗ್ಗೆ ತಿಂದದ್ದು ಮರೆತಿರಬಹುದು, ಈ ಕೇಸು ಮರೆತಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ.

ಡಯಾಲಿಸಿಸ್ ಕೇಂದ್ರದ ಆರನೇ ಹಾಸಿಗೆ ಖಾಲಿ ಬಿದ್ದಿತ್ತು. ಅದು ಕಣ್ಣು ಕಾಣದ ರೇಡಿಯೊ ರಿಪೇರಿ ಅಜ್ಜನದು. ಅಜ್ಜ ಬಂದು ಬಾಗಿಲಲ್ಲೇ ನಿಂತಿದ್ದ. ಆದರೆ ವೆಬ್‌ಸೈಟಿನ ಪ್ರಕಾರ ಅವನೇ ಸರದಿ ರದ್ದು ಮಾಡಿದ್ದ. ಮೂರನೇ ಸಲ. ಮೊದಲೆರಡು ಸಲ ಏನೂ ಹೇಳದೆ ಹಾಸಿಗೆ ಕೊಟ್ಟಿದ್ದರು. ಮೂರು ಸಲ ರದ್ದಾದರೆ ಹಾಸಿಗೆ ಬೇರೆಯವರಿಗೆ, ಅದು ಅಲ್ಲಿನ ನಿಯಮ. ತಾನು ರದ್ದು ಮಾಡಿಲ್ಲವೆಂದು ತೋರಿಸಲು ಸಂಜೆ ಐದರವರೆಗೆ ಗಡುವು ಕೊಟ್ಟು ಅಜ್ಜನನ್ನು ಮನೆಗೆ ಕಳಿಸಿದರು.

ದೂರು ವಿಚಾರಿಸುವ ಅಧಿಕಾರಿಯನ್ನು ಎಲ್ಲರೂ ದೂರಮ್ಮ ಎನ್ನುತ್ತಿದ್ದರು. ಅಂದಿಗೆ ಇದು ನಾಲ್ಕನೇ ದೂರು. ಅವಳ ಕಾಲು ಊದಿಕೊಂಡಿತ್ತು. ವೆಬ್‌ಸೈಟ್ ಕಟ್ಟಿದ ತಂಡದ ಯಜಮಾನನಿಗೆ ಫೋನ್ ಮಾಡಿದಳು.

"ಹನ್ನೊಂದಕ್ಕೆ ಅಜ್ಜನ ಮನೇಲಿ ನಿಮ್ಮ ಪುಟ ನೋಡ್ತೀನಿ."

"ನೋಡಿ ಮೇಡಂ. ಎಲ್ಲಾ ಬ್ರೌಸರಲ್ಲೂ ಪರೀಕ್ಷೆ ಆಗಿದೆ. ಕಣ್ಣು ಕಾಣದವರ ಕೈಲೂ ಮಾಡಿಸಿದೀವಿ. ಮನೆಯವರನ್ನ ವಿಚಾರಿಸಿ. ಖಾತೆ ತೆರೆದ ಆ ಸೊಸೆನ."

*

ಮನೆಯಲ್ಲಿ ಆಗಲೇ ಜಟಾಪಟಿ.

"ಪಾಸ್‌ವರ್ಡ್ ಗೊತ್ತಿರೋದು ಅಪ್ಪನ್ನ ಬಿಟ್ರೆ ನಿಂಗೊಬ್ಬಳಿಗೇ!" ಮಗ ಹೆಂಡತಿಯ ಮೇಲೆ ಎಗರುತ್ತಿದ್ದ.

"ಮಾವನ್ನ ಸಾಯಿಸಿ ನಂಗೇನು ಸಿಂಹಾಸನ ಸಿಗತ್ತಾ?"

"ಸುಮ್ನಿರ್ರೋ," ಎಂದ ಅಜ್ಜ. "ಒತ್ತಿದ್ದು ನಾನೇ. ಬರ್ತೀನಿ ಅಂತ ಒತ್ತಿದ್ದು."

ದೂರಮ್ಮ ಅಜ್ಜನ ಫೋನಿನಲ್ಲಿ ಪುಟ ತೆರೆದಳು. ಪರದೆ ಓದುವ ದನಿ ಸ್ಪಷ್ಟವಾಗಿ ಹೇಳಿತು: "ಖಚಿತಪಡಿಸಿ, ಬಟನ್. ರದ್ದುಮಾಡಿ, ಬಟನ್."

ಅಜ್ಜ ಫೋನಿನತ್ತ ಕಿವಿ ತಂದ. "ಹಿಂಗೆ ಹೇಳ್ತಿರ್ಲಿಲ್ಲಮ್ಮಾ."

ದೂರಮ್ಮನ ಅನುಮಾನವೂ ಸೊಸೆಯತ್ತ ತಿರುಗಿತು. "ಬೇರೆ ಎಲ್ಲಾದ್ರೂ ಈ ಪುಟ ತೆರೆದಿದ್ರಾ?"

"ಆ ಹಳೇ ಕಂಪ್ಯೂಟರಲ್ಲಿ," ಎಂದಳು ಸೊಸೆ. "ನಿನ್ನೆಯಿಂದ ಆರಿಸಿಲ್ಲ. ಮಲಗಿಸಿದ್ರೆ ಏಳಲ್ಲ, ಥೇಟ್ ಇವರ ಥರ."

ಅದರಲ್ಲಿ ಮುಂದಿನ ವಾರದ ಸರದಿಯ ಪುಟ ನಿನ್ನೆ ತೆರೆದ ಹಾಗೇ ಇತ್ತು. ಮೊದಲು ರದ್ದುಮಾಡುವ ಕೆಂಪು ಗುರುತಿನ ಚಿತ್ರ, ಆಮೇಲೆ ಖಚಿತಪಡಿಸುವ ಹಸಿರು. ದನಿ ಹೇಳಿದ್ದು ಇಷ್ಟೇ: "ಬಟನ್. ಬಟನ್."

"ಮೊದಲನೇದು ಬರ್ತೀನಿ ಅನ್ನೋದು," ಎಂದ ಅಜ್ಜ. "ಐದು ವರ್ಷದ ಅಭ್ಯಾಸ."

ಈಚೆಗೆ ಪುಟ ಹೊಸದಾದಾಗ ಅವು ಅದಲುಬದಲಾಗಿದ್ದವು. ರದ್ದಾಯಿತೆಂಬ ಸೂಚನೆಯೂ ಬರೀ ಚಿತ್ರ. ಕಣ್ಣಿದ್ದವರಿಗಾದರೆ ಕಾಣುತ್ತಿತ್ತು, ಅಜ್ಜನಿಗೆ ಅದನ್ನು ಹೇಳುವ ದನಿ ಇರಲಿಲ್ಲ.

*

ಎರಡು ಗಂಟೆಗೆ ದೂರಮ್ಮ ತಂಡದ ಕಚೇರಿಯಲ್ಲಿದ್ದಳು.

"ಬಟನ್‌ಗೆ ಹೆಸರು ಕೊಟ್ಟು, ಜಾಗ ಸರಿಮಾಡಿದ್ದು ಯಾವಾಗ?"

"ಮೊದಲಿಂದಲೂ ಹಾಗೇ ಇದೆ," ಎಂದ ಯಜಮಾನ.

ಪಕ್ಕದ ಹುಡುಗಿ ಬದಲಾವಣೆಗಳ ಪಟ್ಟಿ ತೆರೆದಳು. "ಇವತ್ತು ಹತ್ತೂವರೆಗೆ. ಸರ್ ಲಾಗಿನ್ನಿಂದ್ಲೇ."

"ಹತ್ತೂ ಇಪ್ಪತ್ತಕ್ಕೆ ನಿಮಗೆ ಫೋನ್ ಮಾಡಿದ್ದೆ," ಎಂದಳು ದೂರಮ್ಮ. "ನಾನು ಪುಟ ನೋಡೋದು ಬೇರೆ ಯಾರಿಗೂ ಗೊತ್ತಿರ್ಲಿಲ್ಲ. ಪರೀಕ್ಷೆ ಮಾಡಿದ ಆ ಕಣ್ಣು ಕಾಣದವರು ಯಾರು? ಕರೀರಿ."

ಯಜಮಾನ ಬೆವರು ಒರೆಸಿಕೊಂಡ. "ಯಾರನ್ನೂ ಕರೆಸಿರ್ಲಿಲ್ಲ. ಟೈಮಿರ್ಲಿಲ್ಲ. ನನ್ನ ಬ್ರೌಸರಲ್ಲಿ ಚೆನ್ನಾಗೇ ಕಾಣ್ತಿತ್ತು."

"ತಪ್ಪು ಯಾರಾದ್ರೂ ಮಾಡ್ತಾರೆ. ನೀವು ಅದನ್ನ ಒರೆಸಿ, ಒಬ್ಬ ಸೊಸೆ ತಲೆಗೆ ಕಟ್ಟಿದ್ರಲ್ಲ."

*

ಐದಕ್ಕೆ ಹತ್ತು ನಿಮಿಷವಿರುವಾಗ ದೂರಮ್ಮನ ವರದಿ ಕೇಂದ್ರ ತಲುಪಿ, ಆರನೇ ಹಾಸಿಗೆ ಅಜ್ಜನಿಗೇ ಉಳಿಯಿತು. ಮಗ ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತ. "ತಪ್ಪಾಯ್ತು ಕಣೇ."

"ಅದೆಲ್ಲ ಆಮೇಲೆ. ಮೊದಲು ಮಾವನ ಚಪ್ಪಲಿ ಬಿಚ್ಚಿ."

ಅವನು ಬಗ್ಗಿದ.

ನಿಮ್ಮಲ್ಲಿ ಯಾರಿಗಾದರೂ ವೆಬ್‌ಸೈಟ್ ಕಟ್ಟುವವರು ಗೊತ್ತಿದ್ದರೆ ಇದನ್ನು ಅವರಿಗೆ ಕಳಿಸಿ. ಪೂರ್ತಿ ಕೇಳಿಸಿಕೊಳ್ಳಲಿ.