ನೀರು ಬಿಡುವ ಮೊದಲು

ಮನೆಗೆ ಬರುವ ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರನ್ನೂ 'ಅಣ್ಣ' ಎಂದು ಕರೆಯುವುದು ಅವಳ ರೂಢಿ. ಅಕ್ವೇರಿಯಂ ಕೂರಿಸಲು ಬಂದ ಇವನನ್ನು ಮಾತ್ರ ಎರಡನೆಯ ದಿನದಿಂದ ಹಾಗೆ ಕರೆಯಲು ನಾಲಿಗೆ ಹೊರಳಲಿಲ್ಲ. 'ರೀ' ಎನ್ನಲು ಅವಳೇನು ಅವನ ಹೆಂಡತಿಯೇ? ಹಾಗಾಗಿ ಕೆಮ್ಮಿ ಕರೆಯುತ್ತಿದ್ದಳು. ಕೆಮ್ಮು ಕೇಳಿಸದಿದ್ದರೂ ಕಣ್ಣಾರೆ ಕಂಡ ಅಜ್ಜಿ, ಎರಡು ಸಲ ಔಷಧಿ ಕುಡಿಸಿದ್ದಳು.

ಹಾಲ್‌ನಲ್ಲಿ ಕೂತಿರುವ ಆರಡಿ ಉದ್ದದ ಅಕ್ವೇರಿಯಂ, ಕಿವಿ ಮಂದವಾದ ಆ ಅಜ್ಜಿಯ ಆಸೆ. "ಟಿವಿ ನಂಗೆ ಕೇಳ್ಸಲ್ಲ. ಮೀನು ಹೇಗೂ ಮಾತಾಡಲ್ಲ. ಇಬ್ರಿಗೂ ಸರಿಹೋಗುತ್ತೆ" ಎಂದಿದ್ದಳು. ಆದರೆ ಪಂಪು ಹತ್ತಿರ ಬೇಡ, ಹಾಲ್‌ನಲ್ಲೇ ಇರುವ ತನ್ನ ಮಂಚ ಅದುರುತ್ತದೆ ಎಂದು ಹಠ. ಪಂಪು, ಫಿಲ್ಟರು ಎಲ್ಲ ಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ಹೋದವು. ಅಲ್ಲಿಂದ ಇಲ್ಲಿಗೆ ಗೋಡೆಗುಂಟ ಎರಡು ಪೈಪು. ಒಂದರಲ್ಲಿ ಕೊಳೆ ನೀರು ಹೋಗಬೇಕು, ಇನ್ನೊಂದರಲ್ಲಿ ಶುದ್ಧವಾಗಿ ಬರಬೇಕು. ನಾಲ್ಕು ದಿನದ ಕೆಲಸ ಎಂದಿದ್ದ. ಇವತ್ತಿಗೆ ಹದಿನಾರು.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ದಿನವಿಡೀ ಊರವರ ಕಣ್ಣನ್ನೇ ನೋಡುವವಳು. ಇವನ ಕಣ್ಣು ಮಾತ್ರ ಸಿಗುತ್ತಲೇ ಇರಲಿಲ್ಲ. ಖಾಲಿ ಅಕ್ವೇರಿಯಂನ ಗಾಜಿನಲ್ಲಿ ಅವಳ ಬಿಂಬ ಮೂಡಿದಾಗ ಕದ್ದು ನೋಡುತ್ತಾನೆ. ಅವಳೂ ಗಾಜಿನಲ್ಲೇ ತಿರುಗಿ ನೋಡಿದಳೋ, ತಟ್ಟನೆ ಟೇಪು ಎಳೆದು ಗೋಡೆ ಅಳೆಯುತ್ತಾನೆ. ಆ ಗೋಡೆಯನ್ನು ಇಪ್ಪತ್ತು ಸಲವಾದರೂ ಅಳೆದಿದ್ದ, ಪಾಪ.

"ಇದೊಂದು ಜಾಯಿಂಟ್ ಆದ್ರೆ ಮುಗೀತು ಮೇಡಂ. ಸಂಜೆ ನೀರು ಬಿಡ್ತೀನಿ. ನಾಳೆಯಿಂದ ಬೇರೆ ಊರಲ್ಲಿ ಕೆಲಸ, ಆರು ತಿಂಗಳು."

"ಓ" ಎಂದಳು. ಹೋಗಬೇಡಿ ಎನ್ನಲು ಅವಳಿಗೆ ಯಾವ ಹಕ್ಕು?

ಅವನು ಪೈಪಿನ ತುದಿಗೆ ಅಂಟು ಸವರಿ, ಜಾಯಿಂಟಿಗೆ ತುರುಕಿ, ಅವಳ ಕೈಗೆ ಕೊಟ್ಟ. "ಎರಡೂ ಕೈಯಲ್ಲಿ ಒತ್ತಿ ಹಿಡೀರಿ. ಬಿಟ್ರೆ ಜಾರುತ್ತೆ, ಆಮೇಲೆ ಕತ್ತರಿಸಿ ಹೊಸದಾಗೇ ಮಾಡ್ಬೇಕು. ನಾನು ಹೇಳೋವರೆಗೂ ಬಿಡ್ಬೇಡಿ." ಪಂಪಿನ ಕಡೆ ನೋಡಿಬರಲು ಹೊರಟುಹೋದ.

ಬಿಟ್ಟುಬಿಡು, ಇನ್ನೊಂದು ದಿನ ಸಿಗುತ್ತದೆ ಎಂದಿತು ಮನಸ್ಸು. ಕೈ ಕೇಳಲಿಲ್ಲ. ಅವನು ನಂಬಿ ಕೊಟ್ಟುಹೋದದ್ದನ್ನು ಹಾಳುಮಾಡುವುದು ಹೇಗೆ? ಹಿಡಿದುಕೊಂಡೇ ನಿಂತಳು. ಕಣ್ಣು ತುಂಬಿದರೂ ಒರೆಸಿಕೊಳ್ಳಲು ಕೈ ಇರಲಿಲ್ಲ.

ಪಕ್ಕದಲ್ಲಿ ಎರಡನೆಯ ಪೈಪು ಬಾಯಿ ತೆರೆದುಕೊಂಡಿತ್ತು. ಒಳಗೇನಿದೆ ನೋಡೋಣ ಎಂದು ಬಗ್ಗಿದ ಅಜ್ಜಿಯ ಕಿವಿ ಅದಕ್ಕೆ ತಾಗಿತು. ಅಜ್ಜಿ ಬೆಚ್ಚಿದಳು.

"ಅಯ್ಯೋ! ಇದ್ರೊಳಗೆ ಆ ಹುಡುಗ ಮಾತಾಡ್ತಿದ್ದಾನೆ ಕಣೇ!"

"ಅಜ್ಜೀ, ಕಿವಿ ತೆಗಿ!"

ಅಜ್ಜಿಗೆ ಅದೆಲ್ಲಿ ಕೇಳಬೇಕು? "ಪಂಪಿಗೆ ಹೇಳ್ತಿದ್ದಾನೆ. 'ನೀನು ಪುಣ್ಯವಂತ, ಈ ಮನೇಲೇ ಇರ್ತೀಯ. ನಾನು ನಾಳೆ ಹೋಗ್ಬೇಕು' ಅಂತೆ."

ಅವಳ ಎರಡು ಕೈಯೂ ಪೈಪಿಗೆ ಮೀಸಲು. ಅಜ್ಜಿಯ ಬಾಯಿ ಮುಚ್ಚುವುದು ಹೇಗೆ?

"'ನಿನ್ನ ಮೂರು ಸಲ ಬಿಚ್ಚಿ ಹಾಕಿದೆ, ಸರಿಯಾಗೇ ಇತ್ತು' ಅಂತೆ. ಯಾರೋ ಒಬ್ಬಳನ್ನ ನೋಡ್ತಾ ಇರೋಕಂತೆ. 'ಹೇಳೋ ಧೈರ್ಯ ಇಲ್ಲ ನಂಗೆ' ಅಂತೆ. ಯಾರೇ ಅವಳು?" ಕಿವಿ ತೆಗೆದು, ಪೈಪಿಗೆ ಬಾಯಿಟ್ಟು ಅಜ್ಜಿ ಕೂಗಿಯೇಬಿಟ್ಟಳು: "ಅವಳ ಹೆಸರು ಹೇಳಪ್ಪಾ!"

ಹಿಂದಿನ ಕೋಣೆಯಲ್ಲಿ ಬಕೆಟ್ ಉರುಳಿದ ಸದ್ದು.

ಎರಡು ನಿಮಿಷವಾಯಿತು. ಐದಾಯಿತು. ಅಂಟು ಎಂದೋ ಒಣಗಿರಬೇಕು. ಅವನು ಬರಲಿಲ್ಲ, ಬಿಡಿ ಎಂದೂ ಹೇಳಲಿಲ್ಲ. ಹಿಂಬಾಗಿಲಿನಿಂದ ಹಾಗೇ ಹೊರಟುಹೋದರೆ? ಆ ಯೋಚನೆಗೆ ಅವಳ ನಾಚಿಕೆಯೆಲ್ಲ ಹಾರಿಹೋಯಿತು. ಕೈ ಬಿಡದೆ, ಕತ್ತು ಚಾಚಿ, ಪೈಪಿಗೆ ಬಾಯಿ ಕೊಟ್ಟಳು.

"ಮೂರು ಸಲ ಬಿಚ್ಚಿದ್ದು ನಂಗೂ ಗೊತ್ತಿತ್ತು. ನಾಲ್ಕನೇ ಸಲ ಬಿಚ್ಚಲಿಲ್ಲವಲ್ಲ ಅಂತ ಬೆಳಗ್ಗೆಯಿಂದ ಅಳು ಬರ್ತಿದೆ."

ಬಾಗಿಲಲ್ಲಿ ಅವನು ಕಾಣಿಸಿಕೊಂಡ. ಬಕೆಟ್ ನೀರಿಗೆ ಪ್ಯಾಂಟು ಮೊಣಕಾಲವರೆಗೂ ತೊಯ್ದಿತ್ತು. ಈ ಸಲ ಗಾಜಿನ ಕಡೆ ಹೋಗಲಿಲ್ಲ ಅವನ ಕಣ್ಣು. ನೇರ ಅವಳನ್ನೇ ನೋಡಿದ. ಹತ್ತಿರ ಬಂದು, ಪೈಪು ಹಿಡಿದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬಿಡಿಸಿದ್ದನ್ನು ತಾನೇ ಹಿಡಿದುಕೊಂಡ.

"ಮರಗಟ್ಟಿ ಹೋಗಿವೆ" ಎಂದ.

"ನೀವು ಹೇಳ್ಲೇ ಇಲ್ಲವಲ್ಲ, ಬಿಡಿ ಅಂತ."

"ಆರು ತಿಂಗಳು ಕಾಯ್ತೀರಾ?"

"ಆರು ತಿಂಗಳು ಯಾಕೆ? ತಿಂಗಳಿಗೊಂದ್ಸಲ ಫಿಲ್ಟರ್ ತೊಳೀಬೇಕಲ್ಲ."

"ಹೇಳಿಕೊಟ್ಟಿದ್ದೀನಲ್ಲ ಮೇಡಂ, ಹೇಗೆ ತೊಳೆಯೋದು ಅಂತ."

"ಮರೆತುಹೋಯ್ತು. ಬಂದು ಇನ್ನೊಂದ್ಸಲ ಹೇಳಿಕೊಡಿ. ಈ ಮೇಡಂ ಅನ್ನೋದನ್ನೂ ಬಿಡಿ."

ಅವನು ನಕ್ಕ. ಹದಿನಾರು ದಿನದಲ್ಲಿ ಅವಳು ಕಂಡ ಮೊದಲ ನಗು. ಪಿಸುದನಿಯಲ್ಲಿ ಏನೋ ಹೇಳಿದ. ಅವಳು ತಲೆ ತಗ್ಗಿಸಿ, "ಹೂಂ" ಎಂದಳು.

ಅವರತ್ತ ಬೆನ್ನು ಹಾಕಿ, ಖಾಲಿ ಪೈಪಿಗೆ ಮತ್ತೆ ಕಿವಿಯಾನಿಸಿ ಕೂತಿದ್ದ ಅಜ್ಜಿಗೆ ತಾಳ್ಮೆ ಮುಗಿಯಿತು.

"ಲೇ, ಇವನು ಯಾಕೋ ಮಾತೇ ನಿಲ್ಲಿಸಿಬಿಟ್ಟ. ನೀರು ಬಿಡಬೇಡಿ ಅಂತ ಹೇಳೇ ಅವನಿಗೆ. ಅವಳು ಯಾರು ಅಂತ ನಂಗೆ ಗೊತ್ತಾಗ್ಬೇಕು!"