ಹಂಪ್ ಬಂತು, ಇಳ್ಕಳಿ!

“ಹಂಪ್ ಬಂತು, ಇಳ್ಕಳಿ!”

ಪ್ರವೀಣ್ ಚಿಕ್ಕಪ್ಪ ಕಾರು ನಿಲ್ಲಿಸಿದ. ಧನುಶ್ರೀ ಚಂಗನೆ ಹಾರಿ ಇಳಿದಳು. ಹಿಂದಿನ ಸೀಟಿನಿಂದ ಮಾದೇವಮ್ಮಜ್ಜಿ ನಿಧಾನವಾಗಿ ಒಂದು ಕಾಲು ಹೊರಗಿಟ್ಟರು.

ಚಿಕ್ಕಪ್ಪನೊಬ್ಬನೇ ಕೂತಿದ್ದ ಕಾರು ಓರೆಯಾಗಿ ರಸ್ತೆಯ ಹಂಪ್ ಹತ್ತಿ, ಇಳಿದು, ಆಚೆ ನಿಂತಿತು. ಅಜ್ಜಿ ಮೊಮ್ಮಗಳು ನಡೆದು ಹೋಗಿ ಮತ್ತೆ ಹತ್ತಿಕೊಂಡರು. ಬಾಳ್ಳುಪೇಟೆ ದಾಟುವುದರೊಳಗೆ ಇದು ಮೂರನೇ ಸಲ.

ಟೀ ಅಂಗಡಿಯ ಕರಿಯಪ್ಪ ಸುಮ್ಮನಿರುತ್ತಾನೆಯೇ? “ಏನ್ ಮಾರಾಯ, ಕಾರ್ ಇಟ್ಕಂಡು ನಡ್ಕಂಡೇ ಹೋಗ್ತಾ ಇದೀರಲ್ಲೋ!” ಎಂದು ಕೂಗಿದ.

“ಸ್ಟೈಲ್ ಕಣಣ್ಣ, ಸ್ಟೈಲ್!” ಎಂದ ಚಿಕ್ಕಪ್ಪ.

ಈ ಸ್ಟೈಲಿಗೆ ಕಾರಣ ಧನುಶ್ರೀಯೇ. ಎಲೆಕ್ಟ್ರಿಕ್ ಕಾರು ಮನೆಗೆ ಬಂದ ದಿನದಿಂದ ಅವಳು ವಿಡಿಯೋ ತೋರಿಸಿ ತೋರಿಸಿ ಚಿಕ್ಕಪ್ಪನ ತಲೆ ತಿಂದಿದ್ದಳು. ದೊಡ್ಡ ಅಲಾಯ್ ವೀಲ್ ಹಾಕಿಸು, ಅದಕ್ಕೆ ನೀಲಿ ಬಣ್ಣ ಇರಲಿ, ಸ್ಪ್ರಿಂಗ್ ಬದಲಾಯಿಸಿ ಕಾರನ್ನು ಕೆಳಗಿಳಿಸು, ಹೊಂಚು ಹಾಕಿದ ಹುಲಿಯ ಹಾಗೆ ಕಾಣಬೇಕು. ಚಿಕ್ಕಪ್ಪನಿಗೂ ಅಷ್ಟೇ ಬೇಕಿತ್ತು.

ಹುಲಿಯೇನೋ ಆಯಿತು. ಸ್ಕೂಲಿನ ಗೇಟಿನಲ್ಲಿ ಮಕ್ಕಳೆಲ್ಲ ಕಾರನ್ನು ಮುತ್ತಿಕೊಂಡಾಗ ಧನುಶ್ರೀಗೆ ಎರಡು ಕೊಂಬು ಬಂದಿದ್ದವು. ಆದರೆ ಬ್ಯಾಟರಿ ಇರುವುದು ಕಾರಿನ ಹೊಟ್ಟೆಯ ಕೆಳಗೆ. ಜನ ಕೂತರೆ ಕಾರು ಇನ್ನಷ್ಟು ತಗ್ಗುತ್ತದೆ, ಹಂಪಿಗೆ ಉಜ್ಜುತ್ತದೆ. ಹಾಗಾಗಿ ಪ್ರತಿ ಹಂಪಿಗೂ ಇಳಿಯುವ ಈ ಹೊಸ ಪದ್ಧತಿ.

ಭಾನುವಾರವಾದರೆ ಅಜ್ಜಿ ಸಕಲೇಶಪುರದಲ್ಲಿರುವ ತಂಗಿ ನಂಜಮ್ಮನ ಮನೆಗೆ ಹೋಗುವುದು ರೂಢಿ. ಅಕ್ಕತಂಗಿಯರು ಇಡೀ ದಿನ ಮಾತಾಡಿದರೂ ಮಾತು ಮುಗಿಯುತ್ತಿರಲಿಲ್ಲ. ಇವತ್ತೂ ಹಾಗೆಯೇ ಆಯಿತು.

ಸಂಜೆ ಹೊರಡುವಾಗ ಅಜ್ಜಿ ಕಾರಿನ ಹತ್ತಿರ ಬಂದು ಬಾಗಿಲು ಹಿಡಿದರು. ಸೀಟು ಎಷ್ಟೋ ಕೆಳಗಿತ್ತು. ಮೆಲ್ಲನೆ ಬಗ್ಗಿದರು. ಮತ್ತೆ ನೆಟ್ಟಗೆ ನಿಂತರು.

“ನೀವ್ ಹೋಗ್ರಪ್ಪ. ನಾನು ಬಸ್ಸಲ್ಲಿ ಬತ್ತೀನಿ.”

“ಯಾಕವ್ವ?” ಎಂದ ಚಿಕ್ಕಪ್ಪ.

“ಬಸ್ಸಲ್ಲಾದ್ರೆ ಕಿಟಕಿ ಹತ್ರ ಕೂತ್ಕಂಡು ಊರೂರು ನೋಡ್ಕಂಡು ಬರ್ಬೋದು. ನಂಗೆ ಬಸ್ಸೇ ಇಷ್ಟ ಕಣೋ.”

ಧನುಶ್ರೀ ಅಜ್ಜಿಯ ಮುಖ ನೋಡಿದಳು. ಬಸ್ಸು ಎಂದರೆ ಅಜ್ಜಿಗೆ ವಾಂತಿ. ಡೀಸೆಲ್ ವಾಸನೆಗೇ ತಲೆ ತಿರುಗುತ್ತದೆ. ಈ ಕಾರು ಬಂದಾಗ, “ಹೊಗೆ ಇಲ್ಲ, ವಾಸ್ನೆ ಇಲ್ಲ, ನಂಗೇ ಮಾಡಿಸ್ದಂಗೈತೆ” ಎಂದು ಊರಿಗೆಲ್ಲ ಹೇಳಿಕೊಂಡು ಬಂದವರು ಇದೇ ಅಜ್ಜಿ.

“ಮಂಡಿ ನೋಯ್ತಾ ಅಜ್ಜಿ?”

“ಇಲ್ಲ ಕಣವ್ವ. ನಿನ್ ಕಾರು ಬೋ ಚೆಂದಾಗೈತೆ” ಎಂದು ಅಜ್ಜಿ ನಕ್ಕರು. ಅವರ ಒಂದು ಕೈ ಮಾತ್ರ ಮಂಡಿಯನ್ನು ಒತ್ತಿ ಹಿಡಿದಿತ್ತು.

ಬೆಳಿಗ್ಗೆಯಿಂದ ಅಜ್ಜಿ ಎಷ್ಟು ಸಲ ಇಳಿದು ಹತ್ತಿದ್ದರು! ಒಂದು ಸಲವೂ ಅಯ್ಯೋ ಎಂದಿರಲಿಲ್ಲ.

“ಚಿಕ್ಕಪ್ಪ, ಹಳೇ ಸ್ಪ್ರಿಂಗ್ ಎಲ್ಲೈತೆ?”

“ಅಟ್ಟದ ಮೇಲೈತೆ. ಯಾಕೆ?”

“ನಾಳೆನೇ ಹಾಕ್ಸು.”

“ಹುಲಿ ಥರ ಕಾಣ್ಬೇಕು ಅಂದೋಳು ನೀನೇ ಅಲ್ವೇನೇ?”

“ಅಂದಿದ್ದೆ” ಎಂದಳು ಧನುಶ್ರೀ. ಚಿಕ್ಕಪ್ಪ ಅಜ್ಜಿಯ ಕಡೆ ಒಮ್ಮೆ ನೋಡಿ, “ಸರಿ ಬಿಡು” ಎಂದ.

ಅವಳು ಒಳಗೆ ಓಡಿ ನಂಜಮ್ಮಜ್ಜಿಯ ಹತ್ತಿರ ಒಂದು ನಿಂಬೆಹಣ್ಣು ಇಸಕೊಂಡು ಬಂದಳು. ಅಜ್ಜಿಯ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದಳು.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ನೀಲಿ ಚಕ್ರದ ಕಾರು ಪಕ್ಕದಲ್ಲೇ ಸದ್ದಿಲ್ಲದೆ ಮುಂದೆ ಹೋಯಿತು. ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದರೆ ನಿಜವಾಗಿಯೂ ಹುಲಿಯೇ. ಧನುಶ್ರೀ ಕತ್ತು ಉದ್ದ ಮಾಡಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದಳು.

ಆಮೇಲೆ ನಿಂಬೆಹಣ್ಣನ್ನು ಉಗುರಿನಿಂದ ಗೀರಿ, ಕಣ್ಣು ಮುಚ್ಚಿ ಕೂತಿದ್ದ ಅಜ್ಜಿಯ ಮೂಗಿನ ಹತ್ತಿರ ಹಿಡಿದಳು.